ಧರ್ಮೇಂದ್ರನಿಗೆ ಜಾಜ್ ಬಂದದ್ದು

ಮದುವೆ ದಲ್ಲಾಳಿ ಶಿವಲಿಂಗಯ್ಯನ ಫೋನು ಬಂದಾಗ ಧರ್ಮೇಂದ್ರ ಕಿರಂಗೂರಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದ. ಎದುರಿಗೆ ಕ್ಯಾನು ಹಿಡಿದವರ ಸಾಲು. ಸಾಲಿನ ಮೊದಲಿಗೆ ಪಕ್ಕದ ಮನೆಯ ಬೆಟ್ಟಮ್ಮ, ತನ್ನ ಎಮ್ಮೆ ಹಾಲು ಎಷ್ಟು ಗಟ್ಟಿ, ಡಿಗ್ರಿ ಎಷ್ಟು ಬರುತ್ತದೋ ಎಂದು ಪರೀಕ್ಷೆ ಬರೆದ ಹುಡುಗಿಯ ಹಾಗೆ ನಿಂತಿದ್ದಳು.

"ಧರ್ಮ, ಬಿಂಡಿಗನವಿಲೆಯೋರು ಭಾನುವಾರ ಬರಕಿಲ್ವಂತೆ ಕಣಪ್ಪ," ಅಂದ ಶಿವಲಿಂಗಯ್ಯ.

ಧರ್ಮೇಂದ್ರನ ಎದೆ ಧಸಕ್ಕೆಂದಿತು. "ಯಾಕಣ್ಣ? ಏನಾಯ್ತು?"

"ಇವತ್ತೇ ಬತ್ತಾವ್ರೆ. ಊಟದೊತ್ತಿಗೆ."

ಎದೆ ಇನ್ನೊಮ್ಮೆ ಧಸಕ್ಕೆಂದಿತು. ಧರ್ಮೇಂದ್ರನ ಎದೆಯೇ ಹಾಗೆ, ಕೆಟ್ಟ ಸುದ್ದಿಗೂ ಒಳ್ಳೆ ಸುದ್ದಿಗೂ ಒಂದೇ ಬಡಿತ.

"ಹುಡುಗೀನೂ ಬತ್ತಾಳಂತೆ. ಮನೆ ನೋಡ್ಬೇಕು, ಮಾತಾಡ್ಬೇಕು ಅಂದವ್ಳೆ. ಆಮ್ಯಾಕೆ, ಒಂದು ಇಸ್ಯ ಹೇಳಾದೇ ಮರ್ತ್‌ಬುಟ್ಟಿದ್ದೆ. ಮೊನ್ನೆ ಹುಡುಗಿ ಚಿಕ್ಕಪ್ಪ ಫೋನ್ ಮಾಡಿ, 'ನಿಮ್ಮ ಹುಡುಗನಿಗೆ ಈ ಜಾಜು ಗೀಜು ಐತಾ' ಅಂತ ಕೇಳ್ದ. 'ಐತೆ ಸಾಮಿ, ಬೇಕಾದಂಗೈತೆ' ಅಂದೆ."

"ಜಾಜು ಅಂದ್ರೇನು ಶಿವಲಿಂಗಣ್ಣ?"

"ನಂಗೇನ್ ಗೊತ್ತು? ಹೊಸಾ ಥರದ ಪಂಪ್‌ಸೆಟ್ಟು ಅನ್ಕಂಡೆ. ಈಗ ನನ್ ಮಗಳ್ನ ಕೇಳುದ್ರೆ ಅದು ಫಾರಿನ್ನೋರ ಸಂಗೀತವಂತೆ. ಊದೋದು, ಬಾರ್ಸೋದು ಎಲ್ಲಾ ಇರ್ತದಂತೆ. ಇವತ್ತು ಅದ್ರ ಬಗ್ಗೆ ಕೇಳೇ ಕೇಳ್ತಾರೆ. ಮಧ್ಯಾಹ್ನದೊಳ್ಗೆ ಒಸಿ ಕಲ್ತ್ಕಂಬುಡು, ಏನ್ ಮಹಾ!"

ಫೋನು ಕಟ್ಟಾಯಿತು.

"ಯಾರ್ಲಾ ಮಗ? ಯಾಕಿಂಗೆ ಬಿಳಿಚ್ಕಂಡೆ?" ಬೆಟ್ಟಮ್ಮ ಕತ್ತು ಚಾಚಿದಳು.

"ಏನಿಲ್ಲ ಬೆಟ್ಟವ್ವ. ಜಾಜಂತೆ. ನಂಗೆ ಜಾಜೈತೆ ಅಂತ ಹೇಳ್ಬುಟ್ಟವ್ನೆ," ಎಂದು ಅವನು ತನ್ನಷ್ಟಕ್ಕೆ ಗೊಣಗಿದ.

"ಅಯ್ಯೋ ಶಿವನೇ! ಜಾಂಡೀಸಾ?"

ಧರ್ಮೇಂದ್ರನ ಕಿವಿಗೆ ಅದು ಬೀಳಲಿಲ್ಲ. ಅವನು ಬೆಟ್ಟಮ್ಮನ ಎಮ್ಮೆ ಹಾಲಿಗೆ ಹಸುವಿನ ಹಾಲಿನ ಡಿಗ್ರಿ ಬರೆದು, ಉಳಿದ ಸಾಲನ್ನು ಸೆಕ್ರೆಟರಿಗೆ ಒಪ್ಪಿಸಿ ಮನೆ ಕಡೆ ಓಡಿದ. ದಿನಾ ಹಾಲಿನ ಡಿಗ್ರಿ ವಿಷಯಕ್ಕೆ ಜಗಳ ತೆಗೆಯುವ ಬೆಟ್ಟಮ್ಮ ಆವತ್ತು ತುಟಿಪಿಟಕ್ಕೆನ್ನಲಿಲ್ಲ. ಕಾಯಿಲೆ ಹುಡುಗ, ಪಾಪ, ಅಂದುಕೊಂಡಳು.

ಧರ್ಮೇಂದ್ರನ ಗಾಬರಿಗೆ ಕಾರಣವಿತ್ತು. ವಯಸ್ಸು ಮೂವತ್ತೈದು ದಾಟಿ ನೆತ್ತಿಯ ಕೂದಲು ಬೇಸಿಗೆಯ ಗದ್ದೆಯಂತಾಗಿತ್ತು. ಜಮೀನಿತ್ತು, ನೀರಿತ್ತು, ಕೊಟ್ಟಿಗೆಯ ತುಂಬ ಹಸುಗಳಿದ್ದವು, ಡೇರಿಯ ಕೆಲಸವಿತ್ತು. ಆದರೆ ಬಂದ ಹೆಣ್ಣಿನ ಕಡೆಯವರೆಲ್ಲ ಹಸುಗಳನ್ನು ನೋಡಿ, "ಸಗಣಿ ಬಾಚೋರ್ಯಾರು?" ಎಂದು ಕೇಳಿ, ಕಾಫಿ ಕುಡಿದು ಹೋಗಿಬಿಡುತ್ತಿದ್ದರು. ಬಿಂಡಿಗನವಿಲೆಯ ಸಹನ ಮಾತ್ರ ಹಾಗಲ್ಲ. ನಾಗಮಂಗಲದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ದಲ್ಲಾಳಿ ವಿಷಯ ತೆಗೆದಾಗ, "ಡೇರಿ ಕೆಲಸದೋರು ಬೆಳಿಗ್ಗೆ ಬೇಗ ಏಳ್ತಾರೆ, ನಂಬಬಹುದು," ಅಂದಿದ್ದಳಂತೆ. ಆ ಒಂದು ಮಾತನ್ನು ಧರ್ಮೇಂದ್ರ ಬಾಯಿಗೆ ಹಾಕಿಕೊಂಡ ಬೆಲ್ಲದ ಚೂರಿನ ಹಾಗೆ ವಾರದಿಂದ ಚೀಪುತ್ತಿದ್ದ. ಅವಳ ಫೋಟೋ ನೋಡೀ ನೋಡೀ ಫೋನಿನ ಗಾಜೇ ಸವೆದಿತ್ತು.

ಮನೆಗೆ ಬಂದವನೇ ಅವ್ವ ಸಿದ್ದಲಿಂಗಮ್ಮನಿಗೆ, "ಅವ್ವಾ, ಇವತ್ತೇ ಬತ್ತಾವ್ರೆ," ಎಂದು ಕೂಗಿ ಕೊಟ್ಟಿಗೆಗೆ ನುಗ್ಗಿದ. ಆ ಮನೆಯಲ್ಲಿ ನೆಟ್‌ವರ್ಕು ಸರಿಯಾಗಿ ಸಿಗುತ್ತಿದ್ದುದು ಕೊಟ್ಟಿಗೆಯಲ್ಲೇ. ಗೋದಲಿಯ ಮೇಲೆ ಫೋನಿಟ್ಟು, ಜಾಜ್ ಅಂತ ಹುಡುಕಿ ಒತ್ತಿದ.

ಮೊದಲು ಯಾರೋ ಡ್ರಮ್ಮಿನ ಮೇಲೆ ಏನನ್ನೋ ಉಜ್ಜಿದರು. ಆಮೇಲೆ ಒಂದು ಕೊಳವೆ ನಿದ್ದೆಯಿಂದ ಎದ್ದು ಆಕಳಿಸಿತು. ಇನ್ನೊಂದು ಕೊಳವೆ ಅದಕ್ಕೆ ಬೈಯಿತು. ಮೂಲೆಯಲ್ಲಿದ್ದ ಪಿಯಾನೊ ಇಬ್ಬರ ಜಗಳ ಬಿಡಿಸಲು ಬಂದು ತಾನೇ ಎಡವಿತು. ಮೇವು ತಿನ್ನುತ್ತಿದ್ದ ಹಸು ಬಾಯಾಡಿಸುವುದನ್ನು ನಿಲ್ಲಿಸಿ ಧರ್ಮೇಂದ್ರನ ಮುಖವನ್ನೇ ನೋಡಿತು. ಧರ್ಮೇಂದ್ರನೂ ಹಸುವಿನ ಮುಖವನ್ನೇ ನೋಡಿದ. ಇಬ್ಬರಿಗೂ ಏನೂ ಅರ್ಥವಾಗಲಿಲ್ಲ.

"ಏನ್ಲಾ ಇದು, ಬೋರ್‌ವೆಲ್ ಕೊರೀತಾವ್ರಾ?" ಎನ್ನುತ್ತ ಗೆಳೆಯ ದೇವರಾಜು ಒಳಬಂದ. ಅವನದು ಬಾಡಿಗೆ ಟ್ರಾಕ್ಟರು. ಊರಿನ ಯಾವ ತಾಪತ್ರಯಕ್ಕೂ ಕರೆಯದೆ ಬರುವುದು ಅವನ ಅಭ್ಯಾಸ. ಧರ್ಮೇಂದ್ರ ಎಲ್ಲವನ್ನೂ ಹೇಳಿದ. ದೇವರಾಜು ಫೋನಿನೊಳಗಿನ ಚಿತ್ರ ನೋಡಿ ತೊಡೆ ತಟ್ಟಿದ.

"ಲೇ, ಇದು ಸ್ಯಾಕ್ಸೋಫೋನು ಕಣ್ಲಾ! ಬಾಬುರಾಯನಕೊಪ್ಪಲಿನ ಬ್ಯಾಂಡ್‌ಸೆಟ್ ಮಂಚಯ್ಯ ಮದುವೆ ಮೆರವಣಿಗೇಲಿ ಊದಾದು ಇದ್ನೇಯ. ಹತ್ಲಾ ಟ್ರಾಕ್ಟರ್ನ!"

ಹೊರಡುವಷ್ಟರಲ್ಲಿ ಬೆಟ್ಟಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೈಯಲ್ಲಿ ಒಂದು ದೊಡ್ಡ ಲೋಟ. ಅದರಲ್ಲಿ ಕೆರೆಯ ಪಾಚಿಯಂಥ ಹಸಿರು.

"ನೆಲನೆಲ್ಲಿ ಸೊಪ್ಪು ಅರ್ದು ಮಜ್ಜಿಗೇಲಿ ಕಲ್ಸಿವ್ನಿ. ಒಂದೇ ಗುಟುಕಿಗೆ ಕುಡ್ದುಬುಡು ಮಗ. ಎಂಥಾ ಜಾಂಡೀಸಾದ್ರೂ ಇಳ್ದೋಯ್ತದೆ."

"ಬೆಟ್ಟವ್ವ, ನಂಗೆ ಜಾಂಡೀಸಿಲ್ಲ! ಅದು ಜಾಜ್!"

"ಎಸ್ರು ಏನಾದ್ರೂ ಇರ್ಲಿ, ಮದ್ದು ಒಂದೇಯ."

"ಕುಡ್ದ್‌ಬುಡು ಮಗ," ಎಂದಳು ಒಳಗಿಂದ ಅವ್ವ. "ಬಂದಿದ್ರೆ ಓಯ್ತದೆ, ಬಂದಿಲ್ದಿದ್ರೆ ಬರಕಿಲ್ಲ."

ವಾದ ಮಾಡಲು ಹೊತ್ತಿರಲಿಲ್ಲ. ಮೂಗು ಹಿಡಿದು ಕುಡಿದ. ನಾಲಿಗೆ, ಹಲ್ಲು, ತುಟಿ ಎಲ್ಲ ಹಸಿರಾದವು. ಬೆಟ್ಟಮ್ಮ ಸಮಾಧಾನದಿಂದ ಲೋಟ ಇಸಿದುಕೊಂಡು ಊರ ಬಾಗಿಲ ಕಡೆ ಹೋದಳು. ಧರ್ಮನಿಗೆ ಜಾಂಡೀಸು ಅನ್ನುವುದನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಮಂಚಯ್ಯ ಮನೆಯ ಜಗುಲಿಯಲ್ಲಿ ಕುಳಿತು ಸ್ಯಾಕ್ಸೋಫೋನಿಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದ. ಬಂದ ಕೆಲಸ ಕೇಳಿ ಅವನ ಕೈ ನಿಂತಿತು.

"ಜಾಜಾ? ಆ ಎಸ್ರು ಕೇಳಿ ಯಾವ ಕಾಲ ಆಯ್ತಪ್ಪ! ನಮ್ ಮೇಷ್ಟ್ರು ಹರೇದಲ್ಲಿ ಬೆಂಗ್ಳೂರಿನ ಕ್ಲಬ್ಬಲ್ಲಿ ಅದ್ನೇ ನುಡಿಸ್ತಿದ್ರು. ನಮ್ಗೆ ಪಾಠ ಹೇಳ್ಬೇಕಾದ್ರೆ ಒಂದೊಂದ್ಸಲ ಕಣ್ಮುಚ್ಕಂಡು ಅದಕ್ಕೇ ಇಳ್ದ್‌ಬುಡೋರು. ಮೆರವಣಿಗೇಲಿ ಅದ್ನ ಊದುದ್ರೆ ಯಾರು ಕುಣೀತಾರೆ, ಅದ್ಕೇ ನಾನು ಬುಟ್‌ಬುಟ್ಟೆ."

"ಮಂಚಣ್ಣ, ಅದ್ರಲ್ಲಿ ಯಾವ ವಾದ್ಯ ಚಂದ, ಯಾಕೆ ಚಂದ, ಅಷ್ಟು ಹೇಳ್ಕೊಡು ಸಾಕು," ಧರ್ಮೇಂದ್ರ ಕೈಮುಗಿದ. "ಟೈಮಿಲ್ಲ."

ಮಂಚಯ್ಯ ಅವನ ಹಸಿರು ಬಾಯಿ ನೋಡಿ ಅನುಮಾನಿಸಿದರೂ ಸ್ಯಾಕ್ಸೋಫೋನನ್ನು ಮಗುವಿನಂತೆ ತೊಡೆಯ ಮೇಲೆ ಎತ್ತಿಕೊಂಡ.

"ಇದ್ರ ಮೈ ಹಿತ್ತಾಳೇದು. ಆದ್ರೆ ನಾಲಿಗೆ ಹಿತ್ತಾಳೇದಲ್ಲ, ಜೊಂಡಿನ ಕಡ್ಡೀದು. ನಮ್ ವಾಲಗಕ್ಕೆ ಇರ್ತದಲ್ಲ, ಅಂಥದ್ದೇ. ಅದ್ಕೇ ಇದು ಮನ್ಷರಂಗೆ ಮಾತಾಡ್ತದೆ, ಬಿಕ್ಕುತ್ತದೆ, ನಗಾಡ್ತದೆ. ಟ್ರಂಪೆಟ್ಟು ಅಂಗಲ್ಲ. ಅದು ಗದ್ದೆ ಆ ಬದೀಂದ ಈ ಬದಿಗೆ ಕೂಗಿ ಕರ್ದಂಗೆ. ಬಾಯಿಗೊಂದು ಮುಚ್ಚಳ ಹಾಕುದ್ರೆ, ಸೆರಗು ಅಡ್ಡ ಇಟ್ಕಂಡು ಗುಟ್ಟು ಹೇಳ್ದಂಗೆ."

"ಆಮೇಲೆ ಅದೇನೋ ಉಜ್ಜುತಾರಲ್ಲ?"

"ಡ್ರಮ್ಮಿನ ಮ್ಯಾಲೆ ತಂತಿ ಬ್ರಶ್ಶು. ಅವ್ವ ಮೊರದಲ್ಲಿ ರಾಗಿ ಕೇರುವಾಗ ಮಲಗ್ದಲ್ಲೇ ಕೇಳ್ಸ್ಕಂಡಿದ್ದೀಯಲ್ಲ, ಅದೇ ಸದ್ದು. ಇನ್ನು ಆಳೆತ್ತರದ ಪಿಟೀಲು ಒಂದಿರ್ತದೆ. ಬೆರಳಲ್ಲಿ ಮೀಟ್ತಾರೆ, ದಮ್ ದಮ್ ಅಂತ. ಮನೇಲಿ ಅಪ್ಪ ನಡ್ದಾಡ್ದಂಗೆ. ಇರೋಗಂಟ ಯಾರೂ ಗಮ್ನ ಕೊಡಕಿಲ್ಲ, ನಿಂತೋದ್ರೆ ಮನೆ ಬಣಬಣ."

ಧರ್ಮೇಂದ್ರನ ಅಪ್ಪ ತೀರಿಕೊಂಡು ಬಹಳ ದಿನವಾಗಿರಲಿಲ್ಲ.

"ಎಲ್ರೂ ಒಂದೇ ಹಾಡಿಂದ ಹೊರಡ್ತಾರೆ ಕಣಪ್ಪ," ಮಂಚಯ್ಯ ಮುಂದುವರಿಸಿದ. "ಆಮೇಲೆ ಒಬ್ಬೊಬ್ನೇ ದಾರಿ ಬುಟ್ಟು ಎಲ್ಲೆಲ್ಲೋ ಅಲೀತಾನೆ. ಮಿಕ್ಕೋರು ಅವನ್ನ ಬೈಯಕಿಲ್ಲ, ತಾಳ ಹಿಡ್ಕಂಡು ಕಾಯ್ತಾರೆ. ಅವನು ಸುತ್ತಾಡ್ಕಂಡು ವಾಪಸ್ ಮನೆಗೆ ಬತ್ತಾನೆ. ಅಷ್ಟೇಯ ಜಾಜು."

ಹೇಳಿ, ಸ್ಯಾಕ್ಸೋಫೋನನ್ನು ತುಟಿಗಿಟ್ಟು ನಿಧಾನಕ್ಕೆ ಊದಿದ. ರಸ್ತೆಯಲ್ಲಿ ಮೈಸೂರು ಬಸ್ಸು ಹೋಯಿತು. ಅದರ ಹಾರನ್ನಿನ ಆಚೆಗೂ ಆ ದನಿ ಉಳಿಯಿತು. ಕೊಟ್ಟಿಗೆಯಲ್ಲಿ ಗದ್ದಲವಾಗಿ ಕೇಳಿದ್ದು ಇಲ್ಲಿ ಯಾರೋ ಹತ್ತಿರ ಕೂತು ಹೆಗಲ ಮೇಲೆ ಕೈ ಇಟ್ಟಂತಿತ್ತು. ಧರ್ಮೇಂದ್ರನಿಗೆ ದಲ್ಲಾಳಿ, ಚಿಕ್ಕಪ್ಪ, ಹೆಣ್ಣು ನೋಡುವುದು ಎಲ್ಲ ಒಂದು ಗಳಿಗೆ ಮರೆತುಹೋಯಿತು.

"ಇನ್ನೊಂದ್ಸಲ ಊದು ಮಂಚಣ್ಣ," ಅಂದ.

"ಲೇ, ಟೈಮಿಲ್ಲ ಅಂದೋನು ನೀನೇ ಕಣ್ಲಾ!" ದೇವರಾಜು ರಟ್ಟೆ ಹಿಡಿದು ಎಳೆದ.

ಹೊರಡುವಾಗ ಮಂಚಯ್ಯನೂ ವಾದ್ಯ ಹಿಡಿದು ಟ್ರಾಕ್ಟರು ಹತ್ತಿದ. "ನಾನು ಒಳಗಡೆ ರೂಮಲ್ಲಿ ಕೂತಿರ್ತೀನಿ. ನೀನು ಮರ್ತ್ರೆ ಕೆಮ್ತೀನಿ," ಅಂದ. ಇಷ್ಟು ವರ್ಷದ ಮೇಲೆ ಜಾಜ್ ಬಗ್ಗೆ ಕೇಳಿದ ಗಿರಾಕಿಯನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ.

ಟ್ರಾಕ್ಟರಿನ ಮೇಲೆ ಬ್ಯಾಂಡ್‌ಸೆಟ್ಟಿನವನನ್ನು ಕಂಡ ಕಿರಂಗೂರಿನವರು ಮದುವೆ ಗೊತ್ತಾಯಿತೆಂದೇ ತಿಳಿದರು. "ಜಾಂಡೀಸಿದ್ರೂ ಕೊಟ್ರಾ? ಪುಣ್ಯಾತ್ಮರು!" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಇವರು ಮನೆ ತಲುಪುವ ವೇಳೆಗೆ ಸಿದ್ದಲಿಂಗಮ್ಮ ಕಂಗಾಲಾಗಿ ಅಂಗಳದಲ್ಲಿ ನಿಂತಿದ್ದಳು. ಬಿಂಡಿಗನವಿಲೆಯ ಕಾರು ಆಗಲೇ ಬಂದಿತ್ತು. ಮಂಚಯ್ಯ ಹಿತ್ತಲ ಬಾಗಿಲಿಂದ ನುಸುಳಿ ರಾಗಿ ಮೂಟೆ ಇಡುವ ಕೋಣೆ ಸೇರಿದ. ಧರ್ಮೇಂದ್ರ ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ನಡುಮನೆಗೆ ಬಂದ.

ಹುಡುಗಿಯ ಚಿಕ್ಕಪ್ಪ ಜವರಯ್ಯ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ತಟ್ಟೆಯಲ್ಲಿದ್ದ ಬೋಂಡ ಮುಟ್ಟಿರಲಿಲ್ಲ. ಪಕ್ಕದಲ್ಲಿ ಸಹನ. ಫೋಟೋದಲ್ಲಿದ್ದುದಕ್ಕಿಂತ ಕಪ್ಪಗೆ, ಕಣ್ಣು ಮಾತ್ರ ಹೊಳಪು.

"ನೋಡಪ್ಪ, ಮುಚ್ಚುಮರೆ ಯಾಕೆ," ಜವರಯ್ಯ ಶುರುಮಾಡಿದರು. "ಊರ ಬಾಗಿಲಲ್ಲಿ ಒಂದು ಹೆಂಗಸು ದಾರಿ ಹೇಳ್ತಾ, ನಿಂಗೆ ಜಾಂಡೀಸು, ಪಾಪ, ಬೆಳಿಗ್ಗೆಯಿಂದ ಕಣ್ಣೇ ಬಿಡ್ತಿಲ್ಲ ಅಂದ್ಬುಡ್ತು."

"ಇಲ್ಲ! ಇಲ್ಲ ಸಾರ್!" ಎಂದ ಧರ್ಮೇಂದ್ರ. ಬಾಯಿ ತೆರೆದದ್ದೇ ತಪ್ಪಾಯಿತು. ಹಸಿರು ಹಲ್ಲು ಕಂಡು ಜವರಯ್ಯ ಕುರ್ಚಿಯನ್ನು ಹಿಂದಕ್ಕೆ ಜರುಗಿಸಿದರು.

ಸಹನ ಎದ್ದು ನೇರ ಅವನ ಬಳಿಗೆ ಬಂದಳು. "ಮೇಲೆ ನೋಡಿ," ಅಂದಳು. ಬೆರಳಲ್ಲಿ ಅವನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದಳು. ಸೋಪಿನ ವಾಸನೆಯ ಕೈ. ಧರ್ಮೇಂದ್ರ ಸೂರಿನ ಜೇಡರಬಲೆ ನೋಡುತ್ತ ಉಸಿರು ಬಿಗಿಹಿಡಿದ. ಈ ಪರೀಕ್ಷೆ ಸಂಜೆಯವರೆಗೂ ನಡೆಯಲಿ ಅಂತ ಅವನಿಗೆ ಅನ್ನಿಸಿತು.

"ಕಾಮಾಲೆ ಗೀಮಾಲೆ ಏನಿಲ್ಲ ಚಿಕ್ಕಪ್ಪ. ಚೆನ್ನಾಗವ್ರೆ," ಅಂದಳು, ತುಸು ನಗುತ್ತ.

ಜವರಯ್ಯ ನಿಟ್ಟುಸಿರು ಬಿಟ್ಟು ಬೋಂಡಕ್ಕೆ ಕೈ ಹಾಕಿದರು. ಕೊಟ್ಟಿಗೆ ನೋಡಿದೆವು, ಸಗಣಿ ಏನೂ ತೊಂದರೆಯಲ್ಲ, ನಮ್ಮನೇಲೂ ಐತೆ ಅಂದರು. ಸಿದ್ದಲಿಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎಲ್ಲವೂ ಗೆದ್ದಂತೆಯೇ ಇತ್ತು.

"ಮತ್ತೆ... ಆ ಹೆಂಗಸು ಯಾಕೆ ಅಂಗಂದ್ಲು?"

"ಅವ್ಳು ತಪ್ಪು ಕೇಳುಸ್ಕಂಡವ್ಳೆ ಸಾರ್. ನಂಗಿರೋದು ಜಾಂಡೀಸಲ್ಲ," ಧರ್ಮೇಂದ್ರ ಎದೆಯುಬ್ಬಿಸಿದ. "ಜಾಜ್!"

ಜವರಯ್ಯನವರ ಬೋಂಡ ಬಾಯಿಯ ಹತ್ತಿರವೇ ನಿಂತಿತು. ಸಹನಳ ನಗು ಆರಿತು. ಇಬ್ಬರೂ ಎಷ್ಟು ಆಸಕ್ತಿಯಿಂದ ಕೇಳುತ್ತಿದ್ದಾರೆ ಎಂದುಕೊಂಡ ಧರ್ಮೇಂದ್ರ.

"ಅಂದ್ರೆ... ದಲ್ಲಾಳಿ ಹೇಳಿದ್ದು ನಿಜವೇಯಾ? ಅವ್ನು ಬಾಯಿಗೆ ಬಂದಂಗೆ ಒದರ್ತಾನೆ ಅನ್ಕಂಡಿದ್ದೆ. ತುಂಬಾ ಇಷ್ಟವಾ?" ಜವರಯ್ಯ ಕೇಳಿದರು. "ಯಾವ ವಾದ್ಯ?"

ಇದೇ ಪ್ರಶ್ನೆ! ಧರ್ಮೇಂದ್ರ ಕಣ್ಣು ಮುಚ್ಚಿದ. ಕಂಠಪಾಠ ಒಪ್ಪಿಸುವ ಹುಡುಗನಂತೆ ಶುರುಮಾಡಿದವನು ಎರಡನೇ ಮಾತಿಗೆ ಪಾಠ ಮರೆತು ತನ್ನ ಮಾತಿಗೆ ಇಳಿದ. ಹಿತ್ತಾಳೆ ಮೈಯೊಳಗಿನ ಜೊಂಡಿನ ನಾಲಿಗೆಯ ವಿಷಯ ಹೇಳಿದ. ಮೊರದಲ್ಲಿ ರಾಗಿ ಕೇರುವ ಸದ್ದಿನ ವಿಷಯ ಹೇಳಿದ. ಆಳೆತ್ತರದ ಪಿಟೀಲಿನ ಮಾತು ಬಂದಾಗ, "ಅಪ್ಪ ಹೋದ್ಮೇಲೆ ಈ ಮನೇಲಿ ಏನ್ ನಿಂತೋಯ್ತು ಅಂತ ನಂಗೆ ಇವತ್ತು ಗೊತ್ತಾಯ್ತು," ಎನ್ನುವಷ್ಟರಲ್ಲಿ ದನಿ ಒಡೆಯಿತು. "ದಾರಿ ತಪ್ಪುದ್ರೂ ಕಾಯೋರಿದ್ರೆ ಮನೆಗೆ ಬರಬೋದು. ಅಂಗಿರ್ಬೇಕು ಸಂಸಾರ," ಅಂತ ಮುಗಿಸಿದ.

ಅವನ ಅವ್ವನೂ ಮಗನಿಂದ ಇಂಥ ಮಾತು ಕೇಳಿರಲಿಲ್ಲ. ಕೋಣೆಯಲ್ಲಿದ್ದ ಮಂಚಯ್ಯನಿಗೆ ತಡೆಯಲಾಗಲಿಲ್ಲ. ರಾಗಿ ಮೂಟೆಗಳ ನಡುವಿಂದ ಸ್ಯಾಕ್ಸೋಫೋನು ಕರುಳು ಹಿಂಡುವಂತೆ ಎದ್ದಿತು.

ಸಹನ ಚಪ್ಪಾಳೆ ತಟ್ಟುತ್ತಾಳೆ ಎಂದು ಧರ್ಮೇಂದ್ರ ಕಣ್ಣು ತೆರೆದ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬಾಗಿಲವರೆಗೆ ಹೋಗಿಬಿಟ್ಟಿದ್ದಳು.

"ಮನೇಲೂ ಇಟ್ಕಂಡವ್ರೆ ಚಿಕ್ಕಪ್ಪ!"

ಜವರಯ್ಯ ಬೋಂಡವನ್ನು ತಟ್ಟೆಗೆ ವಾಪಸ್ಸು ಇಟ್ಟು ಎದ್ದರು. "ನಮ್ ದೊಡ್ಡಳಿಯ ಕಿಶನ್ ಅಂತ, ಮೈಸೂರಲ್ಲಿ ಒಳ್ಳೆ ಕೆಲಸದಲ್ಲಿದ್ದ. ಯಾವಳಿಂದಾನೂ ಕೆಡಲಿಲ್ಲಪ್ಪ, ಹೆಂಡದಿಂದ ಕೆಡಲಿಲ್ಲ, ಈ ಜಾಜಿಂದ ಕೆಟ್ಟ. ಕೆಲಸ ಬುಟ್ಟ, ಆ ಊದೋ ವಾದ್ಯಾನೇ ಹೆಗಲಿಗೆ ನೇತಾಕ್ಕಂಡು ಗೋವಾ ಕಡೆ ಹೋದೋನು ಯುಗಾದಿಗೂ ಬರ್ಲಿಲ್ಲ. ಇವಳಕ್ಕ ಮಗು ಎತ್ಕಂಡು ನಮ್ಮನೇಲೇ ಅವ್ಳೆ. ಅದ್ಕೇ ಮೊದಲೇ ಕೇಳಿದ್ದು, ಜಾಜು ಗೀಜು ಐತಾ ಅಂತ. ಇಲ್ಲ ಅಂದಿದ್ರೆ ಸಾಕಾಗಿತ್ತು."

ಧರ್ಮೇಂದ್ರ ಸಹನಳ ಎದುರಿಗೆ ಓಡಿ ನಿಂತ.

"ಸಹನ ಅವರೇ, ನಂಗೆ ಜಾಜ್ ಅಂದ್ರೇನು ಅಂತಾನೇ ಗೊತ್ತಿರ್ಲಿಲ್ಲ! ನಮ್ಮವ್ವನಾಣೆ. ಇವತ್ತು ಬೆಳಿಗ್ಗೆ ಮೊದಲ್ನೇ ಸಲ ಕೇಳಿದ್ದು. ನೀವು ಬತ್ತೀರ ಅಂತ ಕಲ್ತಿದ್ದು ಅಷ್ಟೇಯ!"

ಸಹನ ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. ವಾರ್ಡಿನಲ್ಲಿ ಕೈಮೀರಿದ ರೋಗಿಯನ್ನು ನೋಡುವ ಮರುಕ ಆ ಕಣ್ಣಿನಲ್ಲಿತ್ತು.

"ಭಾವನಿಗೆ ಇಷ್ಟು ಹತ್ತೋಕೆ ಒಂದು ವರ್ಷ ಹಿಡೀತು," ಅಂದಳು ಮೆತ್ತಗೆ. "ನಿಮಗೆ ಬೆಳಿಗ್ಗೆ ಹತ್ತಿ ಮಧ್ಯಾಹ್ನಕ್ಕೆ ಕಣ್ಣಲ್ಲಿ ನೀರು ಬರ್ತಾ ಐತೆ. ನಂಗೆ ಭಯ ಆಯ್ತದೆ."

"ಜಾಂಡೀಸಾಗಿದ್ರೆ ಮದ್ದಿತ್ತು," ಜವರಯ್ಯ ಚಪ್ಪಲಿ ಮೆಟ್ಟಿದರು. "ಇದಕ್ಕೆ ಯಾವ ಸೊಪ್ಪೂ ಇಲ್ಲ ಕಣಪ್ಪ."

ಕಾರು ಹೋಯಿತು. ಎದ್ದ ಧೂಳು ಹಸುಗಳ ಮೇಲೆ ಕೂತಿತು. ಮಂಚಯ್ಯ ರಾಗಿ ಧೂಳು ಮೆತ್ತಿದ ಮುಖ ಹೊತ್ತು ಹೊರಬಂದು, "ಕೊನೇ ಸ್ವರ ಒಸಿ ಜಾರ್ತು, ಅಲ್ವಾ?" ಅಂತ ಕೇಳಿದ.

ಸಂಜೆಯ ಹಾಲಿನ ಹೊತ್ತಿಗೆ ಧರ್ಮೇಂದ್ರ ಡೇರಿಯಲ್ಲಿದ್ದ. ಸಾಲಿನಲ್ಲಿ ನಿಂತವರೆಲ್ಲ ಸಾವಿನ ಮನೆಗೆ ಬಂದವರಂತೆ ಪಿಸುಗುಟ್ಟುತ್ತಿದ್ದರು. ಆಗ ಶಿವಲಿಂಗಯ್ಯನ ಫೋನು ಬಂತು. ದನಿಯಲ್ಲಿ ಹಬ್ಬದ ಉಮೇದು.

"ಧರ್ಮ, ಆಗಿದ್ದಾಯ್ತು ಬುಡು. ಅವರಿಲ್ದಿದ್ರೆ ಇನ್ನೊಬ್ರು. ಈಗ್ತಾನೆ ಕೆ.ಆರ್. ಪೇಟೆಯೋರೊಬ್ರು ಫೋನ್ ಮಾಡಿದ್ರು. ನಿನ್ ಫೋಟೋ ನೋಡವ್ರೆ, ಜಮೀನು ಒಪ್ಪವ್ರೆ, ಹಸ ಕಂಡ್ರೆ ಹುಡುಗಿಗೆ ಪ್ರಾಣವಂತೆ."

ಧರ್ಮೇಂದ್ರನ ಎದೆ ಧಸಕ್ಕೆಂದಿತು. "ಅಣ್ಣ, ನಿಜವಾ?"

"ಕೇಳಿಲ್ಲಿ. ಹುಡುಗಿ ತಂದೆ, 'ಹುಡುಗನಿಗೆ ಸಂಗೀತ ಏನಾದ್ರೂ ಐತಾ' ಅಂದ್ರು. ಒಂದು ದಿನಕ್ಕೆ ಎರಡು ಸಲ ಗುಂಡಿಗೆ ಬೀಳಾಕೆ ನಾನೇನು ದಡ್ಡನಾ? 'ರಾಮ ರಾಮಾ, ಅಂಥಾ ಚಟ ಯಾವ್ದೂ ಇಲ್ಲ ಸಾಮಿ. ಬೀದೀಲಿ ಹಾಡು ಕೇಳುಸ್ದ್ರೆ ಕಿಟಕಿ ಮುಚ್ಕತ್ತಾನೆ' ಅಂತ ಅಂದೆ."

"ಆಮೇಲೆ? ಏನಂದ್ರು?"

ಶಿವಲಿಂಗಯ್ಯ ಎರಡು ಸಲ ಕೆಮ್ಮಿದ.

"ಹುಡುಗಿ ಅಲ್ಲಿ ಸ್ಕೂಲಲ್ಲಿ ಸಂಗೀತದ ಟೀಚರಂತೆ ಕಣಪ್ಪ. ಪಕ್ಕದಲ್ಲೇ ನಿಂತು ಕೇಳುಸ್ಕತ್ತಿದ್ಲಂತೆ. ಫೋನ್ ಮಡಗ್‌ಬುಟ್ರು."

ಧರ್ಮೇಂದ್ರ ಫೋನನ್ನು ಜೇಬಿಗೆ ಹಾಕಿ, "ಮುಂದಿನೋರು ಬನ್ನಿ," ಅಂದ.